ತ್ರಿಶತಕದ ಅನಂತರ



ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿಗಳ ಮಳೆಯನ್ನೇ ನಂಬಿದ ರೈತನಿಗೆ ಈ ವರ್ಷ ಕಣ ತುಂಬಿದರೆ ಮರುವರ್ಷವೂ ತುಂಬುವುದೆಂಬ ಭರವಸೆಯಿಲ್ಲ. ಆದರೂ ಬಿತ್ತನೆಯನ್ನು ಬಿಡುವಂತಿಲ್ಲ. ಆ ಸೀಮೆಯವರಿಗೆ ದಾಂಡುಗಾರ ಕರುಣ್ ನಾಯರರ ಚರಿತ್ರೆಯು ಬೇಗನೆ ಮನವರಿಕೆಯಾದೀತು.

ಇವರು 1991ರಲ್ಲಿ ಜೋಧಪುರದಲ್ಲಿ ಹುಟ್ಟಿ, ಬೆಂಗಳೂರಿನಲ್ಲಿ ಬೆಳೆದವರು. 2016ರ ನವೆಂಬರಿನಲ್ಲಿ ಇಂಗ್ಲೆಂಡಿನ ಮೇಲೆ ಟೆಸ್ಟು ಪ್ರವೇಶ. ಮೊದಲೆರಡು ಇನ್ನಿಂಗ್ಸುಗಳಲ್ಲಿ 4, 13. ಮೂರನೆಯದರಲ್ಲಿ, ಚೆನ್ನೈಯಲ್ಲಿ, ಔಟಾಗದೆ 303! ಮೊದಲನೆಯ ಟೆಸ್ಟು ಶತಕವನ್ನೇ ತ್ರಿಶತಕವಾಗಿ ಬೆಳೆಸಿದವರು ಅದುವರೆಗೆ ಸೋಬರ್ಸ್ ಮತ್ತು ಸಿಂಪ್ಸನ್ ಇಬ್ಬರೇ.

ಮುಂದಿನ ಟೆಸ್ಟಿನಲ್ಲಿ ಇವರಿಗೆ ಎಡೆಯಿರಲಿಲ್ಲ. ಗಾಯದಿಂದ ಗುಣವಾದ ರಹಾನೆಯವರು ತಮ್ಮ ಸ್ಥಾನಕ್ಕೆ ಮರಳಿದರು. ಅನ್ಯಾಯವೆಂದು ಕೂಗಿದವರುಂಟು. ಆದರೆ ಆಸ್ಟ್ರೇಲಿಯದ ಮೇಲೆ ಪುನಃ ಅವಕಾಶ ದೊರೆತಾಗ ಬಂದುದು 26, 0, 23, 5 ಎಂಬುದನ್ನೂ ಮರೆಯಲಾಗದು. 2018ರಲ್ಲಿ ತಂಡದೊಡನೆ ಇಂಗ್ಲೆಂಡಿಗೆ ಹೋಗಿಯೂ ಆಡಲಿಲ್ಲ. ತಡವಾಗಿ ಕರೆಸಿಕೊಂಡ ಹನುಮ ವಿಹಾರಿಯವರನ್ನು ಕೊನೆಯ ಪಂದ್ಯಕ್ಕೆ ಇಳಿಸಿದರು. ಈ ಒಂದು ನಿರ್ಣಯವನ್ನು ಮಾತ್ರ ನನ್ನ ಮನಸ್ಸು ಇಂದಿಗೂ ಒಪ್ಪದು.

2022ರಲ್ಲಿ ಕರ್ಣಾಟಕದ ತಂಡದಲ್ಲಿಯೂ ಸ್ಥಾನ ತಪ್ಪಿತು. ಆ ಡಿಸೆಂಬರಿನಲ್ಲಿ ಇವರು ಕ್ರಿಕೆಟ್ಟನ್ನೇ ಸಂಬೋಧಿಸಿ ಇನ್ನೊಂದು ಅವಕಾಶವನ್ನು ಬೇಡಿದ ಸಾಲು ಎಲ್ಲೆಡೆ ಹಬ್ಬಿತು. ಬೇಡಿ ಸುಮ್ಮನೆ ಕುಳಿತವರಲ್ಲ; 2023ರಲ್ಲಿ ವಿದರ್ಭದ ಪರವಾಗಿ ಆಡತೊಡಗಿದರು. 2024–25ರ ವಿಜಯ್ ಹಜಾರೆ ಪಂದ್ಯಾವಳಿಯಲ್ಲಿ ಅಂತಿಮ ಪಂದ್ಯಕ್ಕೆ ಮೊದಲೇ 752 ರನ್ನು ಕೂಡಿಹಾಕಿದ್ದರು. ಅಷ್ಟರಲ್ಲಿ ಔಟಾದುದು ಒಂದೇ ಸಲ. ಅಂತಿಮದಲ್ಲಿ ಎದುರಾದುದು ಕರ್ಣಾಟಕವೇ! ಇವರು 27ಕ್ಕೆ ಔಟಾದರು, ವಿದರ್ಭ ಸೋತಿತು. ಆದರೆ ಅದೇ ಋತುವಿನ ರಣಜಿ ಅಂತಿಮದಲ್ಲಿ ಕೇರಳದ ಮೇಲೆ 86 ಮತ್ತು 135 ಹೊಡೆದರು; ವಿದರ್ಭಕ್ಕೆ ಪ್ರಶಸ್ತಿ ದೊರೆಯಿತು.

ಎಂಟು ವರ್ಷಗಳ ಅನಂತರ, 2025ರ ಜೂನಿನಲ್ಲಿ, ಲೀಡ್ಸಿನಲ್ಲಿ ಮತ್ತೆ ಟೆಸ್ಟು. ಮೊದಲು ಸಿಕ್ಕಿದುದು ಸೊನ್ನೆ! ಆ ಪ್ರವಾಸದ ನಾಲ್ಕು ಪಂದ್ಯಗಳಲ್ಲಿ 205 ರನ್ನು. ಅವುಗಳಲ್ಲಿ ಓವಲ್ಲಿನ ಹಸಿರು ಪಿಚ್ಚಿನ ಮೇಲೆ ಹೊಡೆದ 57, ಭಾರತದ ಮೊದಲ ಇನ್ನಿಂಗ್ಸಿನ ಅತ್ಯಧಿಕ ಗಳಿಕೆ. ಭಾರತವು ಆ ಪಂದ್ಯವನ್ನು ಗೆದ್ದುದು ಕೇವಲ 6 ರನ್ನುಗಳಿಂದ. ಹದಿನೈದು ಟೆಸ್ಟು ಇನ್ನಿಂಗ್ಸುಗಳಿಂದ ಒಟ್ಟು 579. ತ್ರಿಶತಕವನ್ನು ತೆಗೆದರೆ ಉಳಿಯುವುದು 276. ಲೆಕ್ಕ ನೋಡುವವರು ತಲೆಯಾಡಿಸಿಯಾರು. ನನಗಾದರೋ ಚೆನ್ನೈಯ 303ಕ್ಕಿಂತ ಓವಲ್ಲಿನ 57 ಹೆಚ್ಚು ತೂಕದ್ದಾಗಿ ತೋರುತ್ತದೆ.

ಅನಂತರ ವೆಸ್ಟ್ ಇಂಡೀಸಿನ ಮೇಲಣ ಪಂದ್ಯಗಳಿಗೆ ಕರೆ ಬರಲಿಲ್ಲ. ಆ ಅಕ್ಟೋಬರಿನಲ್ಲಿಯೇ ಕರ್ಣಾಟಕದ ತಂಡಕ್ಕೆ ಹಿಂದಿರುಗಿದ್ದ ನಾಯರರು, ಶಿವಮೊಗ್ಗದಲ್ಲಿ ಗೋವದ ಮೇಲೆ ಔಟಾಗದೆ 174 ಹೊಡೆದರು.