ಪಂಚಗಿರಿ ಮತ್ತು ಅದರ ತಪ್ಪಲಿನ ನಗರ



ಬೆಂಗಳೂರಿನ ಉತ್ತರಕ್ಕೆ ಸುಮಾರು 60 ಕಿಲೋಮೀಟರ್ ದೂರದಲ್ಲಿ, ಚಿಕ್ಕಬಳ್ಳಾಪುರದ ಬಳಿ ಒಂದು ಪುಟ್ಟ ಗಿರಿಶ್ರೇಣಿಯಿದೆ. ನಂದಿಗಿರಿ, ಚನ್ನಗಿರಿ, ಬ್ರಹ್ಮಗಿರಿ, ಸ್ಕಂದಗಿರಿ, ದಿವ್ಯಗಿರಿ ಎಂಬ ಐದು ಶಿಖರಗಳಿಂದಾಗಿ ಇದಕ್ಕೆ ಪಂಚಗಿರಿ ಎಂಬ ಹೆಸರು ಬಂದಿದೆ. ಈ ಎಣಿಕೆಯಲ್ಲಿ ಊರಿಂದೂರಿಗೆ ಅಲ್ಪಸ್ವಲ್ಪ ವ್ಯತ್ಯಾಸವೂ ಉಂಟು. ನಂದಿಯ ಎತ್ತರ ಸಮುದ್ರಮಟ್ಟದಿಂದ 1,478 ಮೀಟರ್. ಕಳವಾರ ದುರ್ಗವೆಂದು ಹಳ್ಳಿಗರು ಕರೆಯುವುದು ಸ್ಕಂದಗಿರಿಯನ್ನೇ.

ಸಹ್ಯಾದ್ರಿಯೆದುರು ಇವು ಗುಡ್ಡಗಳಷ್ಟೆ. ಆದರೆ ಇವುಗಳ ಹಿರಿಮೆ ಎತ್ತರದಲ್ಲಿಲ್ಲ, ಜಲವಿಭಜನೆಯಲ್ಲಿದೆ. ಈ ಸೀಮೆಯಲ್ಲಿ ಹುಟ್ಟುವ ಅರ್ಕಾವತಿ ದಕ್ಷಿಣಕ್ಕೆ ಹರಿದು ಸಂಗಮದಲ್ಲಿ ಕಾವೇರಿಯನ್ನು ಸೇರುತ್ತದೆ. ಉತ್ತರ ಪಿನಾಕಿನಿ ಗೌರಿಬಿದನೂರಿನ ಮೂಲಕ ಆಂಧ್ರಕ್ಕೆ ಸಾಗುತ್ತದೆ. ದಕ್ಷಿಣ ಪಿನಾಕಿನಿ ಹೊಸಕೋಟೆಯನ್ನು ಬಳಸಿ, ವೈಟ್‌ಫೀಲ್ಡ್‌ನ ಪೂರ್ವಕ್ಕೆ ಹರಿದು ತಮಿಳುನಾಡನ್ನು ಪ್ರವೇಶಿಸುತ್ತದೆ.

ಬೋಳು ಬಂಡೆಯ ಮೇಲೆ ಬಿದ್ದ ಮಳೆ ನಿಲ್ಲುವುದಿಲ್ಲ. ಅದು ಬುಡದ ಮಣ್ಣಿಗೂ ಶಿಥಿಲ ಶಿಲೆಯ ಬಿರುಕುಗಳಿಗೂ ಇಳಿದು ಕೆರೆಬಾವಿಗಳನ್ನು ಪೋಷಿಸುತ್ತದೆ. ಆದುದರಿಂದ ಗಿರಿಯ ರಕ್ಷಣೆಯೆಂದರೆ ಶಿಖರದ ರಕ್ಷಣೆ ಮಾತ್ರವಲ್ಲ, ಬುಡದ ಹಳ್ಳಕೊಳ್ಳಗಳ ರಕ್ಷಣೆಯೂ ಹೌದು.

ಅರ್ಕಾವತಿಯ ಹೆಸರಘಟ್ಟ ಮತ್ತು ತಿಪ್ಪಗೊಂಡನಹಳ್ಳಿ ಜಲಾಶಯಗಳು ಒಂದು ಕಾಲದಲ್ಲಿ ಬೆಂಗಳೂರಿನ ದಾಹ ತಣಿಸಿದವು. ತಿಪ್ಪಗೊಂಡನಹಳ್ಳಿ 1933ರಲ್ಲಿ ಪೂರ್ಣಗೊಂಡಿತು. ಅದರ ಜಲಾನಯನ ಪ್ರದೇಶದ ರಕ್ಷಣೆಗೆ ಸರ್ಕಾರ 2003ರಲ್ಲಿ ಅಧಿಸೂಚನೆಯನ್ನೂ ಹೊರಡಿಸಿತು. ಇತ್ತ ಪೀಣ್ಯದ ಕಲುಷಿತ ನೀರು ವೃಷಭಾವತಿಯ ಮೂಲಕ ಅದೇ ಅರ್ಕಾವತಿಯನ್ನು ಸೇರುತ್ತದೆ. ಬೆಳ್ಳಂದೂರು, ವರ್ತೂರು ಕೆರೆಗಳಿಂದ ಹೊರಬೀಳುವ ನೀರು ದಕ್ಷಿಣ ಪಿನಾಕಿನಿಯ ಪಾಲಾಗುತ್ತದೆ. ಗಿರಿಯ ಬುಡದಲ್ಲಿ ಹುಟ್ಟಿದ ನದಿಗಳು ನಗರವನ್ನು ದಾಟುವಾಗ ಕೊಳೆ ಹೊರುತ್ತವೆ.

ಇನ್ನೊಂದು ವಿಪರ್ಯಾಸವನ್ನು ಗಮನಿಸಬೇಕು. ಹೆಬ್ಬಾಳ–ನಾಗವಾರ ಕಣಿವೆ ಯೋಜನೆಯಡಿ ನಗರದ ಸಂಸ್ಕರಿತ ಕೊಳಚೆ ನೀರನ್ನು ಚಿಕ್ಕಬಳ್ಳಾಪುರ ಸೀಮೆಯ ಕೆರೆಗಳಿಗೆ ಪಂಪು ಮಾಡಲಾಗುತ್ತಿದೆ. ಬರಪೀಡಿತ ರೈತನಿಗೆ ಆ ನೀರು ಬೇಡವೆನ್ನಲಾಗದು. ಅದು ಸಾಲುವಷ್ಟು ಶುದ್ಧವಾಗಿದೆಯೇ ಎಂದು ಕೇಳುವ ಹಕ್ಕು ಮಾತ್ರ ಅವನಿಗಿದೆ. ಆದರೆ ಇಳಿಜಾರು ಪುಕ್ಕಟೆಯಾಗಿ ಮಾಡುತ್ತಿದ್ದ ಕೆಲಸಕ್ಕೆ ಇಂದು ವಿದ್ಯುತ್ತೂ ಕೊಳವೆಯೂ ಬೇಕಾಗಿವೆ.

2021ರ ಫೆಬ್ರವರಿಯಲ್ಲಿ ಚಿಕ್ಕಬಳ್ಳಾಪುರ ತಾಲ್ಲೂಕಿನ ಹಿರೇನಾಗವಲ್ಲಿಯಲ್ಲಿ ಗಣಿಗಾರಿಕೆಯ ಸ್ಫೋಟಕಗಳು ಸಿಡಿದು ಆರು ಮಂದಿ ಮೃತಪಟ್ಟರು. ಅದೇ ಆಗಸ್ಟ್‌ನಲ್ಲಿ ಭಾರಿ ಮಳೆಗೆ ಬ್ರಹ್ಮಗಿರಿಯ ಬಳಿ ಗುಡ್ಡ ಕುಸಿದು ನಂದಿಯ ರಸ್ತೆ ಮುಚ್ಚಿತು. ಇವೆರಡರ ಕಾರಣಗಳು ಬೇರೆಬೇರೆ. ಆದರೆ ಎರಡೂ ಈ ನೆಲವನ್ನು ಎಚ್ಚರದಿಂದ ಬಳಸಬೇಕೆಂದು ಹೇಳುತ್ತವೆ.

ಪ್ರತಿ ಗ್ರಾಮಸಭೆಯೂ ತನ್ನೂರಿನ ಹಳ್ಳ, ಕಾಲುವೆ, ಗೋಮಾಳಗಳ ನಕ್ಷೆಯನ್ನು ಕೈಯಲ್ಲಿ ಹಿಡಿಯಬೇಕು. ವಿದ್ಯಾರ್ಥಿಗಳು ಮಳೆಗಾಲದಲ್ಲಿ ಒಂದು ಹಳ್ಳವನ್ನಾದರೂ ಅದರ ಹುಟ್ಟಿನಿಂದ ಕೆರೆಯವರೆಗೆ ನಡೆದು ನೋಡಬೇಕು. ನೀರು ಎಲ್ಲಿ ತಡೆಯಲ್ಪಟ್ಟಿದೆ ಎಂಬುದನ್ನು ಅರಿತ ಊರು, ಅದನ್ನು ಬಿಡಿಸಲು ಎಲ್ಲಿ ಅರ್ಜಿ ಸಲ್ಲಿಸಬೇಕೆಂಬುದನ್ನೂ ಕಂಡುಕೊಳ್ಳುತ್ತದೆ.