ತಿಪ್ಪೆಗೆ ಬಿದ್ದದ್ದು ಹೊಲಕ್ಕೆ ಬರುತ್ತದೆ

(ಬೆಳ್ಳಿಹಬ್ಬದ ಸಮಾರಂಭದಲ್ಲಿ ಸಂಘದ ನಿರ್ದೇಶಕರೊಬ್ಬರು ಮಾಡಿದ ಭಾಷಣ)



ಇಪ್ಪತ್ತೈದು ವರ್ಷಗಳ ಲೆಕ್ಕವನ್ನು ಕಾರ್ಯದರ್ಶಿಗಳು ಈಗಾಗಲೇ ಓದಿದ್ದಾರೆ. ಅದನ್ನೇ ಮತ್ತೆ ಹೇಳಿ ತಮ್ಮ ಕಾಲ ತೆಗೆದುಕೊಳ್ಳುವುದಿಲ್ಲ. ನನಗೆ ಒಪ್ಪಿಸಿರುವ ವಿಷಯ ಮನೆಯ ಕಸ ಮತ್ತು ಪ್ಲಾಸ್ಟಿಕ್. ಹಬ್ಬದ ದಿನ ಕಸದ ಮಾತು ಯಾಕಪ್ಪಾ ಎಂದು ಕೆಲವರಿಗೆ ಅನ್ನಿಸಬಹುದು. ಹಸು ನಂಬಿ ಬದುಕುವ ನಮಗೆ ಕಸದ ಮಾತು ಎಂದರೆ ಹಾಲಿನ ಮಾತೇ, ಗೊಬ್ಬರದ ಮಾತೇ.

ನಮ್ಮ ಹಿರಿಯರ ಕಾಲದಲ್ಲೂ ಮನೆಯಲ್ಲಿ ಕಸ ಇತ್ತು. ಆದರೆ ದಂಡವಾಗುವ ಕಸ ಇರಲಿಲ್ಲ. ತರಕಾರಿ ಸಿಪ್ಪೆ, ಅಕ್ಕಿ ತೊಳೆದ ನೀರು, ಉಳಿದ ಮುದ್ದೆ ಎಲ್ಲವೂ ಕಲಗಚ್ಚಿಗೆ ಸೇರಿ ಹಸುವಿಗೆ ಹೋಗುತ್ತಿತ್ತು. ಒಲೆಯ ಬೂದಿ ಪಾತ್ರೆ ತಿಕ್ಕುವುದಕ್ಕೆ ಆಗುತ್ತಿತ್ತು. ಉಂಡ ಎಲೆ, ಕೊಟ್ಟಿಗೆಯ ಕಸ, ಸಗಣಿ ತಿಪ್ಪೆಗೆ ಬೀಳುತ್ತಿತ್ತು. ಮುಂಗಾರಿನ ಹೊತ್ತಿಗೆ ಅದೇ ತಿಪ್ಪೆ ಗಾಡಿ ಹತ್ತಿ ಹೊಲಕ್ಕೆ ಹೋಗಿ, ರಾಗಿಯಾಗಿ ಮನೆಗೆ ಬರುತ್ತಿತ್ತು.

ಆ ದಾರಿ ಈಗಲೂ ಇದೆ. ತಿಪ್ಪೆಗೆ ಬಿದ್ದದ್ದು ಈಗಲೂ ಹೊಲಕ್ಕೇ ಬರುತ್ತದೆ. ಆದರೆ ಈಗಿನ ತಿಪ್ಪೆಗೆ ಒಮ್ಮೆ ಗುದ್ದಲಿ ಹಾಕಿ ನೋಡಿ. ಶಾಂಪೂ ಚೀಟಿ, ಎಣ್ಣೆ ಪ್ಯಾಕೆಟ್ಟು, ಮಕ್ಕಳ ಕುರುಕಲು ತಿಂಡಿಯ ಕವರು, ಮಾತ್ರೆಯ ಹಾಳೆ, ಹರಿದ ಚಪ್ಪಲಿ ಎಲ್ಲವೂ ಸಿಗುತ್ತವೆ. ಪ್ಲಾಸ್ಟಿಕ್ ಸಗಣಿಯ ಜೊತೆ ಕೊಳೆಯುವುದಿಲ್ಲ. ಬಿಸಿಲಿಗೆ ಚೂರು ಚೂರಾಗುತ್ತದೆ, ಆದರೆ ಆ ಚೂರು ಮಣ್ಣಾಗುವುದಿಲ್ಲ. ಕವರು ಮಣ್ಣಿನೊಳಗೆ ಹಾಸಿಕೊಂಡು ಬಿದ್ದ ಕಡೆ ನೀರು ಇಂಗುವುದಿಲ್ಲ, ಬೇರು ಇಳಿಯುವುದಿಲ್ಲ. ಉಳುವಾಗ ನೇಗಿಲಿಗೆ, ರೋಟವೇಟರಿಗೆ ಸುತ್ತಿಕೊಳ್ಳುತ್ತದೆ.

ಇನ್ನು ಹಸುವಿನ ವಿಷಯ. ಹಸು ನಮ್ಮಂತೆ ಅಗಿದು ನುಂಗುವುದಿಲ್ಲ. ಮೊದಲು ಬೇಗ ಬೇಗ ನುಂಗಿ, ಆಮೇಲೆ ಮಲಗಿ ಮೆಲುಕು ಹಾಕುತ್ತದೆ. ಉಳಿದ ಅನ್ನವನ್ನು ಕವರಿಗೆ ಸುರಿದು ಗಂಟು ಕಟ್ಟಿ ಎಸೆದರೆ, ಆ ಗಂಟು ಬಿಚ್ಚಲು ಅದಕ್ಕೆ ಕೈ ಇಲ್ಲ. ಅನ್ನದ ಜೊತೆ ಕವರೂ ಒಳಗೆ ಹೋಗುತ್ತದೆ. ಹಸುವಿನ ಹೊಟ್ಟೆಯಲ್ಲಿ ನಾಲ್ಕು ಭಾಗ. ಮೊದಲನೆಯ ದೊಡ್ಡ ಚೀಲದಲ್ಲೇ ಈ ಕವರುಗಳು ನಿಂತು, ಒಂದಕ್ಕೊಂದು ಹೊಸೆದುಕೊಂಡು ಗಡ್ಡೆಯಾಗುತ್ತವೆ. ಮೇವಿಗೆ ಜಾಗ ಕಡಿಮೆಯಾಗುತ್ತದೆ. ಹಸು ಮೇವು ಬಿಡುತ್ತದೆ, ಹಾಲು ಇಳಿಯುತ್ತದೆ, ಹೊಟ್ಟೆ ಉಬ್ಬರಿಸುತ್ತದೆ. ಇದಕ್ಕೆ ಕರಗಿಸುವ ಔಷಧಿ ಇಲ್ಲ, ಡಾಕ್ಟರು ಪಕ್ಕೆ ಕುಯ್ದು ಕೈ ಹಾಕಿ ತೆಗೆಯಬೇಕು. ಕಸದೊಳಗೆ ತಂತಿ, ಮೊಳೆ ಇದ್ದರಂತೂ ಅದು ಎರಡನೆಯ ಚೀಲವನ್ನು ಚುಚ್ಚಿಕೊಂಡು ಹೃದಯದವರೆಗೆ ಹೋಗುವುದುಂಟು.

ನಮ್ಮ ಸದಸ್ಯರೊಬ್ಬರ ಎರಡನೇ ಸೂಲಿನ ಹಸು ಹೀಗೇ ಹೋಯಿತು. ಹೊಟ್ಟೆಯಿಂದ ತೆಗೆದ ಕವರು ಒಂದು ಮಂಕರಿ ತುಂಬ ಇತ್ತು. ಅವನ್ನು ಎಸೆದವರು ಯಾರು ಅಂತ ಯಾರಿಗೂ ಗೊತ್ತಿಲ್ಲ. ಸಾಲದ ಕಂತು ಮಾತ್ರ ಆ ಮನೆಯವರ ಹೆಸರಿನಲ್ಲೇ ಉಳಿಯಿತು.

ಹಾಗಾದರೆ ಸುಟ್ಟುಬಿಡೋಣ ಅಂತಾರೆ ಕೆಲವರು. ಬೆಳಗ್ಗೆ ಹಂಡೆ ಒಲೆಗೆ ಬೆಂಕಿ ಹಚ್ಚಲು ಕವರು ಉರಿಸುವುದು ಅನೇಕ ಮನೆಗಳಲ್ಲಿ ರೂಢಿಯಾಗಿದೆ. ಆ ಹೊಗೆ ಎಲ್ಲಿಗೆ ಹೋಗುತ್ತದೆ? ಒಲೆಯ ಮುಂದೆ ಕೂತ ಹೆಂಗಸರ, ಸ್ನಾನಕ್ಕೆ ಕಾದು ನಿಂತ ಮಕ್ಕಳ ಎದೆಗೆ. ಪಿ.ವಿ.ಸಿ. ಪೈಪಿನ ತುಂಡು, ವೈರಿನ ಸಿಪ್ಪೆ ಸುಟ್ಟರೆ ಡಯಾಕ್ಸಿನ್ ಎಂಬ ಘೋರ ವಿಷ ಹುಟ್ಟುತ್ತದೆ. ಒಲೆಗೆ ತೆಂಗಿನ ಗರಿ, ಮೊಟ್ಟೆ ಇರುವಾಗ ಪ್ಲಾಸ್ಟಿಕ್ ಯಾಕೆ ಬೇಕು?

ಕಾನೂನು ಇಲ್ಲವೇ ಎಂದರೆ ಇದೆ. ನಮ್ಮ ರಾಜ್ಯದಲ್ಲಿ 2016ರಲ್ಲೇ ಪ್ಲಾಸ್ಟಿಕ್ ಕೈಚೀಲಕ್ಕೆ ನಿಷೇಧ ಬಂತು. 2022ರ ಜುಲೈ 1ರಿಂದ ಇಡೀ ದೇಶದಲ್ಲಿ ಒಮ್ಮೆ ಬಳಸಿ ಎಸೆಯುವ ಪ್ಲಾಸ್ಟಿಕ್ ತಟ್ಟೆ, ಲೋಟ, ಚಮಚ ನಿಷೇಧವಾದವು. ಆದರೂ ಸಂತೆಯಲ್ಲಿ ಕವರು ಸಿಗುತ್ತದೆ, ಯಾಕೆಂದರೆ ನಾವು ಕೈ ಚಾಚುತ್ತೇವೆ. ತಿಪ್ಪೆಯಲ್ಲಿ ಆರಿಸಿ ಮುಗಿಯುವ ಕೆಲಸ ಇದಲ್ಲ. ಅಂಗಡಿ ಬಾಗಿಲಲ್ಲೇ ಬೇಡ ಅನ್ನಬೇಕು.

ಬಂಧುಗಳೇ, ದಿನಕ್ಕೆ ಎರಡು ಹೊತ್ತು ತಪ್ಪದೆ ಸ್ಟೀಲ್ ಕ್ಯಾನು ಹಿಡಿದು ಸಂಘಕ್ಕೆ ಬರುವವರು ನಾವು. ಮಳೆ ಬರಲಿ, ಹಬ್ಬ ಬರಲಿ, ಕ್ಯಾನು ಮರೆತು ಬಂದವರು ಒಬ್ಬರೂ ಇಲ್ಲ. ಆ ಕೈಗೆ ಒಂದು ಬಟ್ಟೆ ಚೀಲ ಭಾರವೇ? ಹಳೇ ಪಂಚೆಯಲ್ಲಿ, ಸೀರೆಯಲ್ಲಿ ಎರಡು ಚೀಲ ಹೊಲಿಸಿ, ಕ್ಯಾನಿನ ಪಕ್ಕದಲ್ಲೇ ನೇತು ಹಾಕಿ. ಕೋಳಿ, ಮೀನು ತರುವ ದಿನ ಡಬ್ಬಿ ತೆಗೆದುಕೊಂಡು ಹೋಗಿ.

ಇನ್ನು ಕೆಲವು ಸಣ್ಣ ಮಾತು. ಎಣ್ಣೆ, ಹಾಲಿನ ಪ್ಯಾಕೆಟ್ಟಿನ ಮೂಲೆಯನ್ನು ಪೂರ್ತಿ ಕತ್ತರಿಸಿ ಎಸೆಯಬೇಡಿ. ಆ ಚೂರು ಅಂಟಿಕೊಂಡೇ ಇರುವಂತೆ ಸೀಳಿ. ಬಿದ್ದ ಚೂರನ್ನು ಯಾರೂ ಆರಿಸುವುದಿಲ್ಲ, ಪೂರ್ತಿ ಪ್ಯಾಕೆಟ್ಟನ್ನು ತೊಳೆದು ಒಣಗಿಸಿದರೆ ಗುಜರಿಯವರು ಕೊಳ್ಳುತ್ತಾರೆ. ನಮ್ಮ ಹಾಲೂ ಪೇಟೆಯಲ್ಲಿ ಪ್ಲಾಸ್ಟಿಕ್ ಪ್ಯಾಕೆಟ್ಟಿನಲ್ಲೇ ಮಾರಾಟವಾಗುತ್ತದೆ, ಆದ್ದರಿಂದ ಪೇಟೆಯಲ್ಲಿರುವ ಮಕ್ಕಳಿಗೂ ಇದನ್ನು ಹೇಳಿ. ಚೀಟಿ ಶಾಂಪೂ ಬದಲು ಸೀಗೆ, ಅಂಟುವಾಳ ಬಳಸಿ. ಬೇಡವೆಂದರೆ ದೊಡ್ಡ ಬಾಟಲಿಯನ್ನಾದರೂ ತನ್ನಿ, ಚೀಟಿಯನ್ನು ಗುಜರಿಯವರೂ ಮುಟ್ಟುವುದಿಲ್ಲ. ಕೀಟನಾಶಕದ ಖಾಲಿ ಬಾಟಲಿಯನ್ನು ಮೂರು ಸಲ ತೊಳೆದು, ಆ ನೀರನ್ನು ಸಿಂಪರಣೆ ಟ್ಯಾಂಕಿಗೇ ಸುರಿದು, ಬಾಟಲಿಗೆ ತೂತು ಮಾಡಿಡಿ. ಅದನ್ನು ಮನೆಯೊಳಗೆ ಯಾವುದಕ್ಕೂ ಬಳಸಬಾರದು, ಬಾವಿ ಕಾಲುವೆಗೆ ಎಸೆಯಬಾರದು. ಉಳಿದ ಒಣ ಕಸವನ್ನು ಒಂದು ಮೂಟೆಯಲ್ಲಿ ಬೇರೆ ಕೂಡಿಡಿ. ಅನೇಕ ಪಂಚಾಯಿತಿಗಳಲ್ಲಿ ಸ್ವಸಹಾಯ ಸಂಘದ ಹೆಣ್ಣುಮಕ್ಕಳೇ ಗಾಡಿ ತಂದು ಇದನ್ನು ಒಯ್ಯುತ್ತಾರೆ. ಅವರ ಕೈಗೆ ಕೊಳೆತ ಅನ್ನ ಮೆತ್ತಿದ ಕವರು ಕೊಡುವುದು ಮರ್ಯಾದೆಯಲ್ಲ.

ಮದುವೆ, ತಿಥಿ, ಜಾತ್ರೆಯದು ದೊಡ್ಡ ಪಾಲು. ಕಾಗದದ ಲೋಟ ಎಂದು ನಾವು ನಂಬುವ ಲೋಟದ ಒಳಮೈಗೂ ತೆಳ್ಳಗೆ ಪ್ಲಾಸ್ಟಿಕ್ ಬಳಿದಿರುತ್ತಾರೆ. ಈ ದಿನದ ಊಟ ಮುತ್ತುಗದ ಎಲೆಯಲ್ಲಿದೆ, ನೀರು ಸ್ಟೀಲ್ ಲೋಟದಲ್ಲಿದೆ. ಉಂಡ ಎಲೆ ಸಂಜೆಗೆ ತಿಪ್ಪೆ ಸೇರುತ್ತದೆ. ಸಭೆಯ ಮುಂದೆ ನನ್ನ ಸೂಚನೆ ಒಂದಿದೆ. ಸಂಘದ ಲಾಭದಲ್ಲಿ ಒಂದಿಷ್ಟು ತೆಗೆದು ಮುನ್ನೂರು ಸ್ಟೀಲ್ ತಟ್ಟೆ, ಮುನ್ನೂರು ಲೋಟ ಕೊಂಡು ಸಂಘದಲ್ಲಿಡೋಣ. ಯಾರ ಮನೆಯಲ್ಲಿ ಕಾರ್ಯವಾದರೂ ಎಣಿಸಿ ಕೊಟ್ಟು, ಎಣಿಸಿ ತೆಗೆದುಕೊಳ್ಳೋಣ. ಸರ್ವ ಸದಸ್ಯರ ಸಭೆಯಲ್ಲಿ ಇದನ್ನು ಮಂಡಿಸುತ್ತೇನೆ, ತಾವು ಬೆಂಬಲಿಸಬೇಕು.

ಇದು ಸಂಘದ ಕೆಲಸವೇ ಎಂದು ಕೇಳಿದರೆ ಹೌದು ಎನ್ನುತ್ತೇನೆ. ಗದಗಿನ ಹತ್ತಿರ ಕಣಗಿನಹಾಳದಲ್ಲಿ 1905ರಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಸಹಕಾರ ಸಂಘ ಕಟ್ಟಿದ್ದು, ಒಬ್ಬನ ಕೈಲಾಗದ್ದು ಹತ್ತು ಜನ ಕೂಡಿದರೆ ಆಗುತ್ತದೆ ಎಂಬ ನಂಬಿಕೆಯಿಂದ. ನಾನೊಬ್ಬ ಚೀಲ ಹಿಡಿದರೆ ನನ್ನ ಹಸು ಉಳಿಯುವುದಿಲ್ಲ. ಅದು ಊರೆಲ್ಲ ತಿರುಗುತ್ತದೆ, ನಿಮ್ಮ ಬಾಗಿಲಿಗೂ ಬರುತ್ತದೆ. ನನ್ನ ಹಸು ನಿಮ್ಮ ಕೈಯಲ್ಲಿದೆ, ನಿಮ್ಮ ಹಸು ನನ್ನ ಕೈಯಲ್ಲಿದೆ.

ಹನಿ ಹನಿ ಕೂಡಿದರೆ ಹಳ್ಳ. ಹಾಗೆ ಹಾಲನ್ನು ಕೂಡಿಸಿ ಈ ಸಂಘ ಕಟ್ಟಿದ್ದೇವೆ. ನಾಳೆ ಬೆಳಗಿನ ಹಾಲಿಗೆ ಬರುವಾಗ ಕ್ಯಾನಿನ ಜೊತೆ ಚೀಲವೂ ಬರಲಿ ಎಂದು ಕೇಳಿಕೊಳ್ಳುತ್ತೇನೆ.

ಜೈ ಸಹಕಾರ.