ಕಣ್ಣು ಮಿಟುಕಿಸಲಾಗದ ಗ್ರಾಹಕರು



ಗ್ರಾಹಕ ಎಂದರೆ ಯಾರು? ಹಣ ಕೊಟ್ಟು ಸರಕು ಕೊಳ್ಳುವವನು ಎಂಬುದು ರೂಢಿಯ ಉತ್ತರ. ಆದರೆ ಅಜ್ಜಿ ಬಿಟ್ಟುಹೋದ ಮೂಗುತಿಯನ್ನು ಚಿನ್ನದ ತೂಕದಲ್ಲಿ ಅಳೆಯಲು ನಮಗೆ ಮನಸ್ಸು ಬರುವುದಿಲ್ಲ. ಅದು ನಮಗೆ ಬರಿಯ ಸರಕಲ್ಲ.

ಎಲ್ಲರಿಗೂ ಗೊತ್ತಿರುವ ಈ ಅನುಭವವನ್ನು ಶಾಸ್ತ್ರದ ಚೌಕಟ್ಟಿಗೆ ತಂದವರಲ್ಲಿ ಪ್ರಮುಖರು ಮಾರುಕಟ್ಟೆ ಶಾಸ್ತ್ರದ ಪ್ರಾಧ್ಯಾಪಕ ರಸೆಲ್ ಬೆಲ್ಕ್. ನಮ್ಮ ವಸ್ತುಗಳು ನಮ್ಮ ವ್ಯಕ್ತಿತ್ವದ ವಿಸ್ತರಣೆ ಎಂದು ಅವರು 1988ರ ಪ್ರಬಂಧವೊಂದರಲ್ಲಿ ವಾದಿಸಿದರು. ಮನೆಗೆ ಕನ್ನ ಬಿದ್ದಾಗ, ನೆರೆಯಲ್ಲಿ ಸಾಮಾನು ಕೊಚ್ಚಿಹೋದಾಗ ಜನ ಪಡುವ ಸಂಕಟ ಆಸ್ತಿನಷ್ಟಕ್ಕಿಂತ ದೊಡ್ಡದು. ತಮ್ಮದೇ ಒಂದು ಭಾಗವನ್ನು ಕಳೆದುಕೊಂಡ ದುಃಖ ಅದು.

ಇಪ್ಪತ್ತೈದು ವರ್ಷಗಳ ನಂತರ, 2013ರಲ್ಲಿ, ಬೆಲ್ಕ್ ಮತ್ತೆ ಇದೇ ವಿಷಯಕ್ಕೆ ಮರಳಿದರು. ಅಷ್ಟರಲ್ಲಿ ಫೋಟೊ ಆಲ್ಬಮ್, ಪತ್ರಗಳ ಕಟ್ಟು, ಹಾಡಿನ ಕ್ಯಾಸೆಟ್ಟು ಎಲ್ಲವೂ ಆಕಾರ ಕಳೆದುಕೊಂಡು ಯಂತ್ರದೊಳಗೆ ಸೇರಿದ್ದವು. ನೆನಪುಗಳೂ ಅಲ್ಲೇ. ನಾವು ಯಾರೆಂಬುದನ್ನು ನಾವೊಬ್ಬರೇ ತೀರ್ಮಾನಿಸುವುದಿಲ್ಲ. ಪರದೆಯ ಆಚೆಗಿರುವವರ ಮೆಚ್ಚುಗೆ, ಟೀಕೆಗಳೂ ಅದನ್ನು ರೂಪಿಸುತ್ತವೆ ಎಂದು ಅವರು ತೋರಿಸಿದರು.

ಇಲ್ಲಿ ಒಂದು ಪ್ರಶ್ನೆ ಏಳುತ್ತದೆ. ನಮ್ಮತನ ಯಂತ್ರದೊಳಗೆ ನೆಲೆಸಿದ್ದರೆ, ಯಂತ್ರವೇ ಒಳಗೆ ಬಿಡದವರ ಗತಿಯೇನು?

ಇದು ಕೇವಲ ತರ್ಕದ ಪ್ರಶ್ನೆಯಲ್ಲ. ಬ್ಯಾಂಕಿನಲ್ಲಿ ಖಾತೆ ತೆರೆಯಲು, ಸಿಮ್ ಕಾರ್ಡ್ ಪಡೆಯಲು ಫೋನಿನ ಕ್ಯಾಮೆರಾದ ಮುಂದೆ ಕಣ್ಣು ಮಿಟುಕಿಸಬೇಕೆಂಬ ಪದ್ಧತಿ ನಮ್ಮ ದೇಶದಲ್ಲಿ ಬಂತು. ಎದುರಿಗಿರುವುದು ಚಿತ್ರವಲ್ಲ, ಜೀವಂತ ವ್ಯಕ್ತಿ ಎಂದು ಖಚಿತಪಡಿಸಿಕೊಳ್ಳುವ ಉಪಾಯ ಅದು. ವಂಚನೆ ತಡೆಯಲು ಇಂಥದೊಂದು ಏರ್ಪಾಡು ಬೇಕೇ ಬೇಕು. ಆದರೆ ಆಸಿಡ್ ದಾಳಿಯಲ್ಲಿ ರೆಪ್ಪೆ ಸುಟ್ಟುಹೋದವರು ಮಿಟುಕಿಸುವುದು ಹೇಗೆ? ಮುಖವನ್ನು ಚೌಕಟ್ಟಿನೊಳಗೆ ಹಿಡಿಯಿರಿ ಎಂದು ಪರದೆ ಬರೆದು ತೋರಿಸಿದರೆ ಅಂಧರು ಅದನ್ನು ಓದುವುದು ಹೇಗೆ? ದಾಳಿಕೋರ ಮುಖವನ್ನು ಕೆಡಿಸಿದ್ದ. ಯಂತ್ರ ಆ ಮುಖವನ್ನು ಜೀವಂತವೆಂದೇ ಒಪ್ಪಲಿಲ್ಲ.

ಇಂಥವರು ಸುಪ್ರೀಂ ಕೋರ್ಟಿನ ಮೆಟ್ಟಿಲೇರಿದರು. ಡಿಜಿಟಲ್ ಸೇವೆಗಳನ್ನು ಪಡೆಯುವ ಹಕ್ಕು ಸಂವಿಧಾನದ 21ನೇ ವಿಧಿಯ ಜೀವಿಸುವ ಹಕ್ಕಿನಲ್ಲೇ ಅಡಕವಾಗಿದೆ ಎಂದು ನ್ಯಾಯಾಲಯ 2025ರ ಏಪ್ರಿಲ್ 30ರಂದು ಸಾರಿ, 20 ನಿರ್ದೇಶನಗಳನ್ನು ನೀಡಿತು. ಮಿಟುಕಿಸುವುದಕ್ಕೆ ಬದಲಿ ವಿಧಾನ ಇರಬೇಕು. ಕಾಗದದ ಮೂಲಕ ಗುರುತು ದೃಢಪಡಿಸುವ ಹಳೆಯ ದಾರಿಯೂ ತೆರೆದಿರಬೇಕು ಎಂಬುವು ಅವುಗಳಲ್ಲಿ ಸೇರಿವೆ.

ಡಿಜಿಟಲ್ ಒಳಗೊಳ್ಳುವಿಕೆ ಎಂದರೆ ಫೋನು ಹಂಚುವುದು, ಸಂಪರ್ಕ ಕೊಡುವುದು ಎಂದಷ್ಟೇ ನಾವು ತಿಳಿದಿದ್ದೇವೆ. ಕೈಯಲ್ಲಿ ಫೋನೂ ಇದ್ದು, ಸಂಪರ್ಕವೂ ಇದ್ದು ಹೊರಗೇ ಉಳಿದವರು ಇವರು. ಅವರಿಗೆ ತಪ್ಪಿದ್ದು ಬರಿಯ ಸೇವೆಯಲ್ಲ, ‘ನಾನು ಇದ್ದೇನೆ’ ಎಂದು ಹೇಳಿಕೊಳ್ಳುವ ಅವಕಾಶ. ಹಿಂದೆ ಬ್ಯಾಂಕಿನ ಗುಮಾಸ್ತರಿಗೆ ಅನುಮಾನ ಬಂದರೆ ಎರಡು ಮಾತು ಕೇಳಿ ಬಗೆಹರಿಸಿಕೊಳ್ಳುತ್ತಿದ್ದರು. ಯಂತ್ರ ಹಾಗೆ ಕೇಳುವುದಿಲ್ಲ. ಆದ್ದರಿಂದ ಅದನ್ನು ರೂಪಿಸುವವರೇ ಮೊದಲು ಕೇಳಬೇಕು: ನಾವು ಕಲ್ಪಿಸಿಕೊಂಡ ಗ್ರಾಹಕರಲ್ಲಿ ಯಾರು ಬಿಟ್ಟುಹೋಗಿದ್ದಾರೆ?